ಸ್ಕಾಲರ್‌ಶಿಪ್ ಬಂತಾ? ಹೊನ್ನಾಳಿಯಿಂದ ಬೆಂಗಳೂರಿಗೆ ನೂರು ವರ್ಷ ಹಿಂದಿನ ಲೆಕ್ಕ

(ಸಂಚಿಕೆಯ ಬರಹ ರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು. ಕಾಲೇಜು ಕಾರಿಡಾರಲ್ಲಿ, ಹಾಸ್ಟೆಲ್ ಮೆಸ್ಸಲ್ಲಿ, ವಾಟ್ಸಾಪ್ ಗ್ರೂಪಲ್ಲಿ ವರ್ಷಪೂರ್ತಿ ಕೇಳೋ ಪ್ರಶ್ನೆ ಅದು: "ಸ್ಕಾಲರ್‌ಶಿಪ್ ಬಂತಾ?"

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಕಡೆಯಿಂದ ಕೇಳ್ತಾ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪಿಯುಸಿ ಮುಗಿದ ಮೇಲೆ ಮನೆಯಲ್ಲಿ ಒಂದು ಲೆಕ್ಕ ಹಾಕ್ತಾರೆ. ಕಾಲೇಜು ಫೀಸು ಎಷ್ಟು, ಬಸ್ ಪಾಸ್ ಎಷ್ಟು, ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ರೂಮು ಮಾಡಿದ್ರೆ ಎಷ್ಟು. ಆ ಲೆಕ್ಕದ ಕೊನೇ ಸಾಲಲ್ಲಿ "ಸ್ಕಾಲರ್‌ಶಿಪ್ ಬಂದ್ರೆ" ಅಂತ ಒಂದು "ಆದ್ರೆ-ಹೋದ್ರೆ" ಇರುತ್ತೆ. ಎಷ್ಟೋ ಮಕ್ಕಳ ಓದು ಆ ಒಂದು ಸಾಲಿನ ಮೇಲೆ ನಿಂತಿರುತ್ತೆ.

ಈ ಸಾಲು ಹೊಸದಲ್ಲ. ನೂರು ವರ್ಷದ ಹಿಂದೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಇದೇ ಲೆಕ್ಕ ನಡೀತಿತ್ತು. ಸರ್ಕಾರ ಯಾರಿಗೆ ದುಡ್ಡು ಕೊಟ್ಟು ಓದಿಸಬೇಕು? ಬುದ್ಧಿವಂತರಿಗಾ? ಬಡವರಿಗಾ? ಇಲ್ಲಿವರೆಗೂ ಶಾಲೆಯ ಬಾಗಿಲೇ ಕಾಣದ ಸಮುದಾಯಗಳಿಗಾ? ಈ ಪ್ರಶ್ನೆ ಎಷ್ಟು ದೊಡ್ಡದಾಯ್ತು ಅಂದ್ರೆ, ಒಬ್ಬ ದಿವಾನರು ಹುದ್ದೆ ಬಿಡೋವರೆಗೂ ಹೋಯ್ತು. ಆ ದಿವಾನರ ಹೆಸರು ನಿಮಗೆಲ್ಲ ಗೊತ್ತು. ಅಲ್ಲಿಗೆ ಬರ್ತೀನಿ, ಸ್ವಲ್ಪ ತಾಳಿ.

ಮೊದಲು ನಕ್ಷೆ

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ದಾವಣಗೆರೆ ಜಿಲ್ಲೆ ಅನ್ನೋದೇ ಇರಲಿಲ್ಲ. ಅದು ಹುಟ್ಟಿದ್ದು 1997ರಲ್ಲಿ. ಆಗ ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿನ ವ್ಯಾಪಾರದ ಪೇಟೆ. ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಇವೆಲ್ಲವೂ ಮೈಸೂರು ಮಹಾರಾಜರ ಸಂಸ್ಥಾನ. ಸ್ವಲ್ಪ ಮುಂದೆ ಹೋದ್ರೆ ರಾಣೆಬೆನ್ನೂರು. ಅದು ಬ್ರಿಟಿಷರ ಬಾಂಬೆ ಪ್ರಾಂತ್ಯ. ಅಂದ್ರೆ ನಮ್ಮೂರು ಅಕ್ಷರಶಃ ಗಡಿಯಲ್ಲಿದ್ದ ಊರು.

ಈಗ 1910ರಲ್ಲಿ ಹೊನ್ನಾಳಿಯ ಒಬ್ಬ ಹುಡುಗ ಬಿ.ಎ. ಮಾಡ್ಬೇಕು ಅಂದ್ಕೊಂಡ ಅಂತಿಟ್ಟುಕೊಳ್ಳಿ. ಇದು ಬರೀ ಊಹೆಯ ಹುಡುಗ, ಲೆಕ್ಕ ಅರ್ಥ ಆಗ್ಲಿ ಅಂತ. ಅವನು ಎಲ್ಲಿಗೆ ಹೋಗ್ಬೇಕು?

ಶಿವಮೊಗ್ಗದಲ್ಲಿ ಆಗ ಪದವಿ ಕಾಲೇಜು ಇಲ್ಲ. ದಾವಣಗೆರೆಯಲ್ಲಿ ಇಲ್ಲ. ಸಂಸ್ಥಾನದಲ್ಲಿ ಪದವಿ ಓದೋಕೆ ಮುಖ್ಯವಾಗಿ ಎರಡೇ ಜಾಗ: ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು. ಇವೆರಡಕ್ಕೂ ಆಗ ಪದವಿ ಕೊಡ್ತಾ ಇದ್ದದ್ದು ಮದ್ರಾಸ್ ವಿಶ್ವವಿದ್ಯಾನಿಲಯ. ನಮ್ಮದೇ ಮೈಸೂರು ವಿಶ್ವವಿದ್ಯಾನಿಲಯ ಬಂದಿದ್ದು 1916ರ ಜುಲೈ 27ಕ್ಕೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಎಂ. ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ.

ಹುಡುಗ ಹೊನ್ನಾಳಿಯಿಂದ ಸುಮಾರು 40 ಕಿಲೋಮೀಟರ್ ಎತ್ತಿನ ಗಾಡಿಯಲ್ಲಿ ಶಿವಮೊಗ್ಗಕ್ಕೆ ಬಂದು ಅಲ್ಲಿಂದ ರೈಲು ಹಿಡೀಬೇಕು, ಇಲ್ಲಾ ಹರಿಹರದ ಕಡೆ ಹೋಗ್ಬೇಕು. ಹೊನ್ನಾಳಿ ಪೇಟೆಗೆ ಇವತ್ತಿಗೂ ರೈಲು ಬಂದಿಲ್ಲ, ಅದು ಬೇರೆ ಮಾತು.

ಇನ್ನೊಂದು ಅಂಕಿ ಮನಸ್ಸಲ್ಲಿ ಇಟ್ಕೊಳ್ಳಿ. 1911ರ ಜನಗಣತಿಯ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರು ಜನ. ನೂರು ಜನ ಇರೋ ಸಂತೆಯಲ್ಲಿ ಒಂದು ಕಾಗದ ಬಂದ್ರೆ, ಅದನ್ನ ಓದಿ ಹೇಳೋಕೆ ಆರು ಜನ ಸಿಗ್ತಾರೆ. ಅಂಥ ಕಾಲದಲ್ಲಿ ಬಿ.ಎ. ಅನ್ನೋದು ಎಷ್ಟು ದೂರದ ಮಾತು, ನೀವೇ ಯೋಚಿಸಿ.

ಫೀಸಿಗಿಂತ ದೊಡ್ಡ ಬಿಲ್ಲು

ನಾನು ಓದಿದ್ದು ಬಿ.ಕಾಂ. ಹಾಗಾಗಿ ಎಲ್ಲವನ್ನೂ ಜಮಾ-ಖರ್ಚಿನ ತರ ನೋಡೋ ಚಟ ನನಗೆ. ಈ ಹುಡುಗನ ಖರ್ಚಿನ ಕಾಲಂ ಬರೆದ್ರೆ ಕಾಲೇಜು ಫೀಸು ಒಂದೇ ಸಾಲು. ಅದರ ಕೆಳಗೆ ಇನ್ನೆರಡು ಸಾಲು ಇದೆ: ಅನ್ನ, ಮಲಗೋಕೆ ಜಾಗ. ಫೀಸು ವರ್ಷಕ್ಕೆ ಕೆಲವು ಸಲ ಕಟ್ಟಿದ್ರೆ ಆಯ್ತು. ಅನ್ನ ದಿನಕ್ಕೆ ಎರಡು ಸಲ ಬೇಕು.

ಇದಕ್ಕೆ ಆ ಕಾಲ ಕಂಡುಕೊಂಡ ಉಪಾಯಗಳಲ್ಲಿ ಒಂದು ವಾರಾನ್ನ. ಈ ಪದ ನಿಮ್ಮ ಅಜ್ಜ-ಅಜ್ಜಿ ಬಾಯಲ್ಲಿ ಕೇಳಿರಬಹುದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ. ಪಟ್ಟಣಕ್ಕೆ ಬಂದ ಬಡ ವಿದ್ಯಾರ್ಥಿ ದಿನಕ್ಕೊಂದು ಮನೆಯಲ್ಲಿ ಊಟ ಮಾಡಿ ಓದ್ತಿದ್ದ. ಆ ಕಾಲದ ಎಷ್ಟೋ ದೊಡ್ಡ ಹೆಸರುಗಳ ಹಿಂದೆ ವಾರಾನ್ನದ ಕಥೆ ಇದೆ.

ಆದ್ರೆ ಗಮನಿಸಿ, ವಾರಾನ್ನಕ್ಕೆ ಮನೆ ಬಾಗಿಲು ತೆರೀಬೇಕು. ಆ ಬಾಗಿಲು ಹೆಚ್ಚಾಗಿ ತೆರೀತಾ ಇದ್ದದ್ದು ತಮ್ಮ ಜಾತಿಯ ಹುಡುಗನಿಗೆ. ಪಟ್ಟಣದಲ್ಲಿ ಓದಿದ, ಕೆಲಸದಲ್ಲಿರೋ ನಮ್ಮವರ ಏಳು ಮನೆ ಇದ್ರೆ ವಾರಾನ್ನ ನಡೆಯುತ್ತೆ. ಒಂದು ಮನೆಯೂ ಇಲ್ಲದ ಸಮುದಾಯದ ಹುಡುಗ ಏನ್ ಮಾಡ್ಬೇಕು? ಫೀಸು ಮಾಫಿ ಮಾಡಿದ್ರೂ ಅವನು ರಾತ್ರಿ ಎಲ್ಲಿ ಮಲಗ್ತಾನೆ?

ಈ ಪ್ರಶ್ನೆಗೆ ಸರ್ಕಾರಕ್ಕಿಂತ ಮೊದಲು ಉತ್ತರ ಕೊಟ್ಟಿದ್ದು ದಾನಿಗಳು, ಮಠಗಳು, ಸಂಘಗಳು. ಮೈಸೂರಲ್ಲಿ ತಾತಯ್ಯ ಅಂತಲೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿದ್ರು. ಬೆಂಗಳೂರಿನ ರೈಲ್ವೆ ಸ್ಟೇಷನ್ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಶುರುವಾಯ್ತು. ಅದರ ಜೊತೆಗೆ ವಿದ್ಯಾರ್ಥಿನಿಲಯವೂ ಬೆಳೀತು. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮೀಜಿ ಕಾಲದಲ್ಲಿ ಊರೂರಲ್ಲಿ ಹಾಸ್ಟೆಲುಗಳು ಎದ್ದವು. ನಮ್ಮ ಕಡೆ "ಜಯದೇವ ಹಾಸ್ಟೆಲ್" ಅಂದ್ರೆ ಇವತ್ತಿಗೂ ಜನರಿಗೆ ಗೊತ್ತು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಇವರೆಲ್ಲರ ಮೊದಲ ಕೆಲಸ ಒಂದೇ: ಹಳ್ಳಿಯಿಂದ ಬಂದ ಹುಡುಗನಿಗೆ ಪಟ್ಟಣದಲ್ಲಿ ಒಂದು ಚಾಪೆ, ಒಂದು ತಟ್ಟೆ.

ಈ ಹಿನ್ನೆಲೆ ಇಟ್ಕೊಂಡು ಈಗ ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಬರೋಣ. ಸರ್ಕಾರದ ದುಡ್ಡು ಮೂರು ಬೇರೆ ಬೇರೆ ಯೋಚನೆಯಿಂದ ಹೊರಡ್ತಿತ್ತು. ಒಂದೊಂದಾಗಿ ನೋಡೋಣ.

ಒಂದು: ಬುದ್ಧಿವಂತನಿಗೆ ಕೊಡು

ಮುದ್ದೇನಹಳ್ಳಿಯ ಒಬ್ಬ ಹುಡುಗ. ಹದಿನೈದರ ಆಸುಪಾಸಲ್ಲಿ ತಂದೆ ತೀರಿಕೊಂಡ್ರು. ಬೆಂಗಳೂರಿಗೆ ಬಂದು ಕೊಡವ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಆ ಆಸರೆಯಲ್ಲಿ ಸೆಂಟ್ರಲ್ ಕಾಲೇಜಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ. ಮುಂದೆ? ಇಂಜಿನಿಯರಿಂಗ್ ಓದ್ಬೇಕು ಅಂದ್ರೆ ಪುಣೆಗೆ ಹೋಗ್ಬೇಕು, ದುಡ್ಡಿಲ್ಲ. ಆಗ ದಿವಾನ್ ರಂಗಾಚಾರ್ಲು ಅವರ ಕಾಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಹುಡುಗ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿ 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದ.

ಹೌದು, ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಸರ್ಕಾರಿ ಸ್ಕಾಲರ್‌ಶಿಪ್ ಹುಡುಗ 1912ರಲ್ಲಿ ಅದೇ ಸಂಸ್ಥಾನದ ದಿವಾನ ಆದ್ರು. ಒಂದು ಸರ್ಕಾರ ಹಾಕಿದ ಹಣಕ್ಕೆ ಇದಕ್ಕಿಂತ ಒಳ್ಳೇ ಪ್ರತಿಫಲ ಸಿಗೋದು ಕಷ್ಟ.

ಇದು ಪ್ರತಿಭೆ ನೋಡಿ ಕೊಡೋ ವಿದ್ಯಾರ್ಥಿವೇತನ. ಚೆನ್ನಾಗಿ ಓದೋನನ್ನ ದುಡ್ಡಿನ ಕಾರಣಕ್ಕೆ ನಿಲ್ಲಿಸಬಾರದು, ಅಷ್ಟೇ. ಆದ್ರೆ ಇದೇ ದಾರಿಯಲ್ಲಿ ಇನ್ನೊಂದು ಕಥೆಯೂ ಇದೆ.

ನ್ಯಾಯಾಧೀಶರ ಮಗ ಒಬ್ಬರು ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಭೂವಿಜ್ಞಾನ ಓದೋಕೆ ಹೋದ್ರು. ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಓದಿದ್ರು. ವಾಪಸ್ ಬಂದು ಭೂವಿಜ್ಞಾನ ಇಲಾಖೆ ಸೇರಿದ್ರು, ಹೆಚ್ಚು ದಿನ ಇರಲಿಲ್ಲ. ಅವರ ಮನಸ್ಸು ಇದ್ದದ್ದು ರಂಗಭೂಮಿಯಲ್ಲಿ. ಅವರು ಟಿ.ಪಿ. ಕೈಲಾಸಂ. ಅವರ "ಟೊಳ್ಳುಗಟ್ಟಿ" ನಾಟಕದಲ್ಲಿ ಇಬ್ಬರು ಅಣ್ಣತಮ್ಮಂದಿರು. ಒಬ್ಬ ಪುಸ್ತಕದ ಹುಳು, ಇನ್ನೊಬ್ಬ ಓದಲ್ಲಿ ಹಿಂದೆ, ಆದ್ರೆ ಕಷ್ಟಕ್ಕೆ ಆಗೋನು. ಯಾರು ಟೊಳ್ಳು, ಯಾರು ಗಟ್ಟಿ ಅನ್ನೋದೇ ಪ್ರಶ್ನೆ. ಸರ್ಕಾರಕ್ಕೆ ಒಬ್ಬ ಭೂವಿಜ್ಞಾನಿ ಸಿಗಲಿಲ್ಲ, ಕನ್ನಡಕ್ಕೆ ಒಬ್ಬ ದೊಡ್ಡ ನಾಟಕಕಾರ ಸಿಕ್ಕ. ಲಾಭವೋ ನಷ್ಟವೋ, ನೀವೇ ಹೇಳಿ.

ಆದ್ರೆ ಈ ಎರಡು ಕಥೆ ಒಟ್ಟಿಗೆ ಇಟ್ಟು ನೋಡಿ. ತಂದೆಯಿಲ್ಲದ ಬಡ ಹುಡುಗನಿಗೂ ನ್ಯಾಯಾಧೀಶರ ಮಗನಿಗೂ ಬಾಗಿಲು ತೆರೆದಿದ್ದು ಸರ್ಕಾರದ ದುಡ್ಡೇ. ಇಬ್ಬರೂ ಪ್ರತಿಭಾವಂತರು, ಅದರಲ್ಲಿ ಅನುಮಾನ ಇಲ್ಲ. ಇಬ್ಬರೂ ತಲೆಮಾರುಗಳಿಂದ ಓದು ಇದ್ದ ಮನೆಗಳಿಂದ ಬಂದವರು ಅನ್ನೋದೂ ಅಷ್ಟೇ ನಿಜ. ಬಿ.ಎ.ವರೆಗೆ ಹೇಗೋ ಬಂದವನ ಪ್ರತಿಭೆ ಮಾತ್ರ ಸರ್ಕಾರದ ಕಣ್ಣಿಗೆ ಬೀಳುತ್ತೆ. ಮೂರನೇ ಕ್ಲಾಸಿಗೇ ದನ ಕಾಯೋಕೆ ಹೋದವನ ಪ್ರತಿಭೆ ಅಳೆಯೋ ಪರೀಕ್ಷೆ ಯಾವುದೂ ಇರಲಿಲ್ಲ.

ಎರಡು: ನಾಡಿಗೆ ಬೇಕಾದ್ದನ್ನ ಕಲಿತು ಬಾ

ಎರಡನೇ ಯೋಚನೆ ಪಕ್ಕಾ ವ್ಯವಹಾರದ್ದು. ಇದಕ್ಕೆ ಒಳ್ಳೇ ಉದಾಹರಣೆ ನಿಮ್ಮ ಬಚ್ಚಲುಮನೆಯಲ್ಲೇ ಇರಬಹುದು: ಮೈಸೂರು ಸ್ಯಾಂಡಲ್ ಸೋಪು.

ಶ್ರೀಗಂಧ ಮೈಸೂರಿನ ಸಂಪತ್ತು. ನಮ್ಮ ಶಿವಮೊಗ್ಗ ಕಡೆಯ ಕಾಡುಗಳೂ ಅದಕ್ಕೆ ಹೆಸರುವಾಸಿ. ಮರ ಸರ್ಕಾರದ್ದು, ಅದನ್ನ ಕಡಿದು ಹೊರದೇಶಕ್ಕೆ ಮಾರ್ತಿದ್ರು. ಎಣ್ಣೆ ತೆಗೆಯೋ ಕೆಲಸ, ಅದರ ಲಾಭ, ಎರಡೂ ಅಲ್ಲಿಯವರಿಗೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಮರ ಹೋಗೋ ದಾರಿ ಮುಚ್ಚಿತು. ಆಗ ಇಲ್ಲೇ ಎಣ್ಣೆ ತೆಗೆಯೋಣ ಅಂತ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅಂದ್ರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಯೋಗ ನಡೆದು, 1916ರಲ್ಲಿ ಬೆಂಗಳೂರಲ್ಲಿ ಶ್ರೀಗಂಧದ ಎಣ್ಣೆ ತೆಗೆಯೋಕೆ ಶುರು ಮಾಡಿದ್ರು. ಎಣ್ಣೆ ಆಯ್ತು, ಸೋಪು ಮಾಡೋಣ ಅಂದ್ರೆ ಆ ವಿದ್ಯೆ ಇಲ್ಲಿ ಯಾರಿಗೂ ಬರಲ್ಲ. ಎಸ್.ಜಿ. ಶಾಸ್ತ್ರಿ ಅನ್ನೋ ರಸಾಯನ ವಿಜ್ಞಾನಿಯನ್ನ ಸರ್ಕಾರ ಇಂಗ್ಲೆಂಡಿಗೆ ಕಳಿಸಿತು. ಅವರು ಸೋಪಿನ ವಿದ್ಯೆ ಕಲಿತು ಬಂದ್ರು. 1918ರಲ್ಲಿ ಸೋಪು ಕಾರ್ಖಾನೆ ಶುರು. ಜನ ಅವರನ್ನ "ಸೋಪು ಶಾಸ್ತ್ರಿ" ಅಂತಲೇ ಕರೆದ್ರು.

ಒಬ್ಬ ಮನುಷ್ಯನ ಓದಿಗೆ ಹಾಕಿದ ದುಡ್ಡು ನೂರು ವರ್ಷ ಆದ ಮೇಲೂ ಅಂಗಡಿಯಲ್ಲಿ ಮಾರಾಟ ಆಗ್ತಾ ಇದೆ. ಯಾವ ಮ್ಯೂಚುವಲ್ ಫಂಡ್ ಇಷ್ಟು ಕೊಡುತ್ತೆ ಹೇಳಿ!

ಇಂಥ ನೆರವಿಗೆ ಸಾಮಾನ್ಯವಾಗಿ ಒಂದು ಷರತ್ತು ಅಂಟಿಕೊಂಡಿರುತ್ತೆ: ಓದಿ ಬಂದ ಮೇಲೆ ನಮ್ಮಲ್ಲೇ ಕೆಲಸ ಮಾಡ್ಬೇಕು. ಈ ಷರತ್ತಿನ ಅತಿ ಪ್ರಸಿದ್ಧ ಕಥೆ ನಮ್ಮ ಸಂಸ್ಥಾನದ್ದಲ್ಲ, ಬರೋಡಾದ್ದು. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಒಬ್ಬ ಯುವಕನಿಗೆ ಅಮೆರಿಕಾದಲ್ಲಿ ಓದೋಕೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ವಿದ್ಯಾರ್ಥಿವೇತನ ಕೊಟ್ರು. ಷರತ್ತು: ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸರ್ಕಾರದ ಸೇವೆ ಮಾಡ್ಬೇಕು. ಆ ಯುವಕ ಬಿ.ಆರ್. ಅಂಬೇಡ್ಕರ್.

ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿನಲ್ಲೂ ಓದು ಶುರು ಮಾಡಿ, ಅವಧಿ ಮುಗಿದು 1917ರಲ್ಲಿ ಮಾತಿನಂತೆ ಬರೋಡಾಕ್ಕೆ ಬಂದ್ರು. ಕೆಲಸ ಸಿಕ್ಕಿತು. ಆದ್ರೆ ಊರಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ತಂಗುದಾಣವೊಂದರಲ್ಲಿ ಉಳಿದುಕೊಂಡ್ರೆ, ಜಾತಿ ಗೊತ್ತಾಗಿ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಅವರು ಬರೋಡಾ ಬಿಟ್ರು.

ಆಗ ಹೇಳಿದ ಚಾಪೆ-ತಟ್ಟೆ ಮಾತು ನೆನಪಿದೆಯಾ? ನ್ಯೂಯಾರ್ಕಿನವರೆಗೆ ಕಳಿಸಬಲ್ಲ ವಿದ್ಯಾರ್ಥಿವೇತನ, ಬರೋಡಾದಲ್ಲಿ ಒಂದು ಕೋಣೆ ಕೊಡಿಸಲಿಲ್ಲ. ದುಡ್ಡಿನ ಶಕ್ತಿ ಎಲ್ಲಿಗೆ ನಿಲ್ಲುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾಗಿಲ್ಲ.

ಮೂರು: ಹಿಂದೆ ಉಳಿದವರನ್ನ ಮುಂದಕ್ಕೆ ತಾ

ಈಗ ಮತ್ತೆ ಮೈಸೂರಿಗೆ ಬರೋಣ. 1915ರಲ್ಲಿ ಸರ್ಕಾರ ಒಂದು ಆದೇಶ ಮಾಡಿತು: ಜಾತಿಯ ಕಾರಣಕ್ಕೆ ಯಾವ ಮಗುವಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚಬಾರದು. ಕಾಗದದ ಮೇಲೆ ಸುಲಭ. ಊರುಗಳಲ್ಲಿ ಇದಕ್ಕೆ ಜೋರು ವಿರೋಧ ಬಂತು. ಒಂದು ಕಡೆ ಬಾಗಿಲು ತೆರೀತಿತ್ತು, ಇನ್ನೊಂದು ಕಡೆ ಒಳಗೆ ಬಂದವರು ಮೇಲಕ್ಕೆ ಹತ್ತೋಕೆ ಮೆಟ್ಟಿಲೇ ಇರಲಿಲ್ಲ.

ಸರ್ಕಾರಿ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಸಂಖ್ಯೆಯಲ್ಲಿ ಬಹಳ ಚಿಕ್ಕದಾದ ಬ್ರಾಹ್ಮಣ ಸಮುದಾಯದವರೇ ಹೆಚ್ಚು ಇದ್ರು. ಇದಕ್ಕೆ ಎದುರಾಗಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಹಾಗೂ ಇತರ ಸಮುದಾಯಗಳ ಮುಖಂಡರು ಸೇರಿದ್ರು. 1918ರಲ್ಲಿ ಮಹಾರಾಜರ ಬಳಿ ನಿಯೋಗ ಹೋಗಿ ಕೇಳಿದ್ರು: ತೆರಿಗೆ ಕಟ್ಟೋದು ನಾವು, ಓದು ಮತ್ತು ಕೆಲಸದಲ್ಲಿ ನಮ್ಮ ಪಾಲು ಎಲ್ಲಿ?

ಈ ಕೇಳಿಕೆಯ ಬಲ ಅರ್ಥ ಆಗ್ಬೇಕಾದ್ರೆ ಒಂದು ವಿಷಯ ನೆನಪಿಡಿ. ಮೈಸೂರಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಅಂತ ಇತ್ತು. ದಸರಾ ಹೊತ್ತಿಗೆ ತಾಲ್ಲೂಕು ತಾಲ್ಲೂಕುಗಳಿಂದ ರೈತರು, ವ್ಯಾಪಾರಸ್ಥರು ಮೈಸೂರಿಗೆ ಹೋಗಿ ದಿವಾನರ ಎದುರು ಕೂರ್ತಿದ್ರು. ಕಾನೂನು ಮಾಡೋ ಅಧಿಕಾರ ಆಗ ಅದಕ್ಕಿರಲಿಲ್ಲ. ಆದ್ರೂ ಕೇಳೋ ಅಭ್ಯಾಸ ಜನಕ್ಕೆ ಬಂದಿತ್ತು. ಹಾಗೆ ಕೇಳಿ ಕೇಳಿಯೇ ಈ ಬೇಡಿಕೆ ಗಟ್ಟಿಯಾಗಿದ್ದು.

ಮಹಾರಾಜರು 1918ರಲ್ಲೇ ಒಂದು ಸಮಿತಿ ಮಾಡಿದ್ರು. ಅಧ್ಯಕ್ಷರು ಮೈಸೂರಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್. ಪಿಎಸ್‌ಐ, ಎಫ್‌ಡಿಎ, ಕೆಎಎಸ್‌ಗೆ ಓದ್ತಾ ಇರೋರಿಗೆ ಈ ಹೆಸರು ಚೆನ್ನಾಗಿ ಗೊತ್ತು: ಮಿಲ್ಲರ್ ಸಮಿತಿ. ಮೀಸಲಾತಿ ಅಧ್ಯಾಯದ ಒಂದು ಅಂಕದ ಪ್ರಶ್ನೆ ಅಂತ ಓದಿ ಮುಂದೆ ಹೋಗ್ತೀವಿ. ಆದ್ರೆ ಆ ಸಮಿತಿಗೆ ಕೊಟ್ಟ ಕೆಲಸದಲ್ಲಿ ಉದ್ಯೋಗದ ವಿಷಯ ಒಂದು ಭಾಗ ಮಾತ್ರ. ಇನ್ನೊಂದು ಭಾಗ ನೇರವಾಗಿ ನಮ್ಮ ವಿಷಯ: ಹಿಂದುಳಿದ ಸಮುದಾಯಗಳಲ್ಲಿ ಉನ್ನತ ಶಿಕ್ಷಣ ಮತ್ತು ವೃತ್ತಿ ಶಿಕ್ಷಣ ಬೆಳೆಸೋಕೆ ಯಾವ ವಿಶೇಷ ಅನುಕೂಲ ಮಾಡಿಕೊಡ್ಬೇಕು? ಅಂದ್ರೆ ವಿದ್ಯಾರ್ಥಿವೇತನದ ಪ್ರಶ್ನೆ, ಮೀಸಲಾತಿಯ ಪ್ರಶ್ನೆ, ಎರಡೂ ಒಂದೇ ಫೈಲಿನಲ್ಲಿ ಹುಟ್ಟಿದವು.

ದಿವಾನರು ಯಾಕೆ ಒಪ್ಪಲಿಲ್ಲ?

ಇಲ್ಲಿಗೆ ಬರ್ತೀನಿ ಅಂದಿದ್ದೆ. ದಿವಾನ್ ವಿಶ್ವೇಶ್ವರಯ್ಯನವರ ನಿಲುವು ಹೀಗಿತ್ತು: ಹಿಂದುಳಿದವರಿಗೆ ಓದಿಗೆ ಸಹಾಯ ಮಾಡೋಣ, ಶಾಲೆ ಹೆಚ್ಚಿಸೋಣ, ವಿದ್ಯಾರ್ಥಿವೇತನ ಕೊಡೋಣ. ಆದ್ರೆ ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವಾಗ ಅರ್ಹತೆ ಬಿಟ್ಟು ಬೇರೆ ಅಳತೆಗೋಲು ಬೇಡ, ಆಡಳಿತ ಕೆಡುತ್ತೆ.

ಅವರ ಮಾತನ್ನ ಹಗುರವಾಗಿ ತೆಗೆದು ಹಾಕೋಕೆ ಆಗಲ್ಲ. ಅವರ ದಿವಾನಗಿರಿಯ ಆರು ವರ್ಷದಲ್ಲಿ ಶಾಲೆಗಳು, ಶಾಲೆಗೆ ಹೋಗೋ ಮಕ್ಕಳು ಎರಡೂ ದುಪ್ಪಟ್ಟಿಗಿಂತ ಹೆಚ್ಚಾದವು. ವಿಶ್ವವಿದ್ಯಾನಿಲಯ ಬಂತು. ಓದಿನ ವಿಷಯದಲ್ಲಿ ಅವರು ಬರೀ ಮಾತಾಡಿದವರಲ್ಲ. ತಾವೇ ಕಷ್ಟಪಟ್ಟು, ಪಾಠ ಹೇಳಿ, ಸ್ಕಾಲರ್‌ಶಿಪ್ ಪಡೆದು ಮೇಲೆ ಬಂದವರು. ಅಂಥವರಿಗೆ "ಓದಿಗೆ ದಾರಿ ಮಾಡಿಕೊಟ್ರೆ ಸಾಕು, ಉಳಿದದ್ದು ತಾನಾಗೇ ಆಗುತ್ತೆ" ಅನ್ನಿಸೋದು ಸಹಜ.

ಎದುರಿನವರ ವಾದವೂ ಅಷ್ಟೇ ಗಟ್ಟಿ. ತಾನಾಗೇ ಆಗೋಕೆ ಎಷ್ಟು ತಲೆಮಾರು ಕಾಯ್ಬೇಕು? ಹಳ್ಳಿಯವನು ತನ್ನ ಮಗನನ್ನ ಹತ್ತಾರು ವರ್ಷ ಓದಿಸೋದು ಯಾವ ಭರವಸೆ ಮೇಲೆ? ಊರಿಂದ ಓದಿದ ಒಬ್ಬನಾದ್ರೂ ಅಮಲ್ದಾರ ಆಗಿದ್ದು, ಮುನ್ಷಿ ಆಗಿದ್ದು ಕಂಡ್ರೆ ತಾನೇ ಇನ್ನೊಬ್ಬ ಅಪ್ಪ ಹೊಲ ಅಡ ಇಟ್ಟು ಮಗನನ್ನ ಕಳಿಸೋದು? ಕೆಲಸ ಕೊನೆಯಲ್ಲಿ ಸಿಗೋ ಬಹುಮಾನ ಅಂತ ಒಬ್ಬರು ನೋಡಿದ್ರೆ, ಇನ್ನೊಬ್ಬರು ಅದೇ ಓದಿನ ಶುರು ಅಂತ ನೋಡಿದ್ರು.

ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ದಿವಾನಗಿರಿ ಬಿಟ್ರು. ಈ ಭಿನ್ನಾಭಿಪ್ರಾಯವೇ ಅದಕ್ಕೆ ಮುಖ್ಯ ಕಾರಣ ಅಂತ ಇತಿಹಾಸಕಾರರು ಹೇಳ್ತಾರೆ. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗೋ ಹಾಗೆ ಮಾಡಿ ಅಂತ ಹೇಳಿತು. ಜೊತೆಗೆ ವಿದ್ಯಾರ್ಥಿವೇತನ, ಓದಿಗೆ ಬೇಕಾದ ಇತರ ಅನುಕೂಲಗಳ ಶಿಫಾರಸೂ ಇತ್ತು. 1921ರಲ್ಲಿ ಸರ್ಕಾರದ ಆದೇಶ ಬಂತು. ಬ್ರಾಹ್ಮಣರನ್ನ ಬಿಟ್ಟು, ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ಇಲ್ಲದ ಎಲ್ಲ ಸಮುದಾಯಗಳೂ ಹಿಂದುಳಿದವು ಅಂತ ಅದು ಲೆಕ್ಕ ಹಿಡೀತು.

ಈ ಲೆಕ್ಕದಲ್ಲೂ ಒಂದು ತೊಡಕು ಇತ್ತು. ಭೂಮಿ ಇದ್ದ ದೊಡ್ಡ ಸಮುದಾಯ, ಭೂಮಿಯೇ ಇಲ್ಲದ ಸಣ್ಣ ಸಮುದಾಯ, ಎಲ್ಲಾ ಒಂದೇ ಚೀಲದಲ್ಲಿ. ಸಂಘಟನೆ ಇದ್ದವರು ಮೊದಲು ಕೈ ಚಾಚಿದ್ರು. ಇದನ್ನ ಬಿಡಿಸಿ ನೋಡೋ ದೊಡ್ಡ ಪ್ರಯತ್ನ ಬಂದಿದ್ದು ಅರ್ಧ ಶತಮಾನ ಆದ ಮೇಲೆ, ದೇವರಾಜ ಅರಸು ಕಾಲದಲ್ಲಿ. 1972ರಲ್ಲಿ ಶುರುವಾಗಿ 1975ರಲ್ಲಿ ವರದಿ ಕೊಟ್ಟ ಆ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು ಎಲ್.ಜಿ. ಹಾವನೂರ. ನಮ್ಮ ಹೊನ್ನಾಳಿಯಿಂದಾಚೆಯ ರಾಣೆಬೆನ್ನೂರಿನವರು.

ಹಾಗಾದ್ರೆ ಯಾರು ಸರಿ?

ನನಗೆ ಅನ್ನಿಸೋದು ಹೇಳ್ತೀನಿ, ನೀವು ಒಪ್ಪಲೇಬೇಕು ಅಂತಿಲ್ಲ. ವಿದ್ಯಾರ್ಥಿವೇತನ ಒಂದು ಸರಪಳಿಯ ಒಂದು ಕೊಂಡಿ. ಅದರ ಹಿಂದೆ ಊರಲ್ಲಿ ಶಾಲೆ ಇರಬೇಕು. ಅದರ ಪಕ್ಕದಲ್ಲಿ ಹಾಸ್ಟೆಲ್ ಇರಬೇಕು. ಅದರ ಮುಂದೆ ಕೆಲಸದ ಬಾಗಿಲು ಇರಬೇಕು. ಇದರಲ್ಲಿ ಒಂದು ತುಂಡಾದ್ರೂ ಉಳಿದ ದುಡ್ಡು ವ್ಯರ್ಥ. ವಿಶ್ವೇಶ್ವರಯ್ಯನವರು ಹಿಂದಿನ ಕೊಂಡಿ ಗಟ್ಟಿ ಮಾಡಿದ್ರು. ತೋಟದಪ್ಪನವರು, ಮಠಗಳು, ಸಂಘಗಳು ಪಕ್ಕದ ಕೊಂಡಿ ಹಾಕಿದ್ರು. ಮಿಲ್ಲರ್ ಸಮಿತಿ ಮುಂದಿನ ಕೊಂಡಿ ತೋರಿಸಿತು. ಒಬ್ಬರನ್ನ ಹೊಗಳೋಕೆ ಇನ್ನೊಬ್ಬರನ್ನ ತೆಗಳಬೇಕಾಗಿಲ್ಲ. ಆದ್ರೆ "ಸ್ಕಾಲರ್‌ಶಿಪ್ ಕೊಟ್ಟಾಯ್ತಲ್ಲ, ಇನ್ನೇನು" ಅನ್ನೋ ಮಾತನ್ನ ಮಾತ್ರ ಇತಿಹಾಸ ಒಪ್ಪಲ್ಲ.

ಆಮೇಲೆ ಏನಾಯ್ತು?

ಅಂಬೇಡ್ಕರ್ ವೈಸರಾಯ್ ಸರ್ಕಾರದ ಕಾರ್ಯಕಾರಿ ಮಂಡಳಿಯಲ್ಲಿ ಇದ್ದಾಗ, 1944ರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಶುರುವಾಯ್ತು. ಇವತ್ತು ನೀವು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ "ಪೋಸ್ಟ್ ಮೆಟ್ರಿಕ್" ಅಂತ ಒತ್ತೋ ಬಟನ್ನಿನ ಬೇರು ಅಲ್ಲಿದೆ. ಬರೋಡಾದಲ್ಲಿ ಕೋಣೆ ಸಿಗದ ಮನುಷ್ಯನ ಕಾಲದಲ್ಲಿ ಮೊಳೆತ ಯೋಜನೆ ಅದು.

ಆ ಹೊತ್ತಿಗೆ ಹೆಣ್ಣುಮಕ್ಕಳೂ ಈ ದಾರಿಯಲ್ಲಿ ಕಾಣಿಸ್ತಾರೆ. ನಂಜನಗೂಡಲ್ಲಿ ಹುಟ್ಟಿದ, ಸೆಂಟ್ರಲ್ ಕಾಲೇಜಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿ ಸರ್ಕಾರಿ ವಿದ್ಯಾರ್ಥಿವೇತನ ಪಡೆದು ಅಮೆರಿಕಾದ ಮಿಷಿಗನ್‌ಗೆ ಹೋದ್ರು. 1953ರಲ್ಲಿ ವಾಪಸ್ ಬಂದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪಾಠ ಮಾಡಿದ್ರು. ಮೈಕ್ರೋವೇವ್, ಆಂಟೆನಾ ಅವರ ಕ್ಷೇತ್ರ. ಈಗ ನಿಮ್ಮ ಕೈಲಿರೋ ಮೊಬೈಲು ಕೂಡ ಅದೇ ಜಾತಿಯ ವಿಜ್ಞಾನದ ಮೇಲೆ ನಡೆಯೋದು.

ಇನ್ನು ನಮ್ಮ ಕಾಲ. ದೂರ ಕಡಿಮೆ ಆಗಿದೆ. ಹೊನ್ನಾಳಿಯಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಇದೆ, ದಾವಣಗೆರೆ ವಿಶ್ವವಿದ್ಯಾನಿಲಯ 2009ರಿಂದ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಅಂತ ಯೋಜನೆ ಬಂತು, ಊಟ-ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿಯ ಲೆಕ್ಕದಲ್ಲಿ ಹತ್ತು ತಿಂಗಳು. ನೋಡಿ, ಹೆಸರು ಹೊಸದು, ಆದ್ರೆ ಇದು ಸರ್ಕಾರ ಕೊಡೋ ವಾರಾನ್ನ. ಜಾತಿಯವರ ಏಳು ಮನೆ ಇಲ್ಲದವನಿಗೆ ಬ್ಯಾಂಕ್ ಖಾತೆಗೆ ಬರೋ ಅನ್ನ. 2021ರಲ್ಲಿ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಬಂತು. ಶುರುವಿನಲ್ಲಿ ಪಿಯುಸಿ, ಐಟಿಐಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಪದವಿಗೆ 5,000 ಮತ್ತು 5,500 ಅಂತ ಇಟ್ರು. ಹುಡುಗಿಯರಿಗೆ ಐನೂರು ಹೆಚ್ಚು.

ಇಲ್ಲಿ ಮತ್ತೆ ನನ್ನ ಬಿ.ಕಾಂ. ಬುದ್ಧಿ ಓಡುತ್ತೆ. ಲಾಭ ಬೇರೆ, ಕೈಯಲ್ಲಿರೋ ನಗದು ಬೇರೆ ಅಂತ ನಮಗೆ ಮೊದಲ ವರ್ಷವೇ ಹೇಳಿಕೊಡ್ತಾರೆ. ಪುಸ್ತಕದಲ್ಲಿ ಲಾಭ ಇರೋ ಅಂಗಡಿಯೂ ನಗದು ಇಲ್ಲದೆ ಬಾಗಿಲು ಹಾಕುತ್ತೆ. ವಿದ್ಯಾರ್ಥಿವೇತನವೂ ಹಾಗೇ. ಮಂಜೂರಾಗಿದೆ ಅನ್ನೋದು ಲಾಭ, ಖಾತೆಗೆ ಬಂದಿದೆ ಅನ್ನೋದು ನಗದು. ರೂಮು ಬಾಡಿಗೆ, ಮೆಸ್ ಬಿಲ್ಲು ಕೇಳೋದು ನಗದನ್ನ. ಮಳೆಗಾಲಕ್ಕೆ ಬೇಕಾದ ದುಡ್ಡು ಬೇಸಿಗೆಗೆ ಬಂದ್ರೆ, ನಡುವಿನ ತಿಂಗಳುಗಳನ್ನ ಸಾಲದಲ್ಲೋ, ಕೂಲಿಯಲ್ಲೋ ತುಂಬಬೇಕು. ತುಂಬೋಕೆ ಆಗದವರು ಓದು ಬಿಡ್ತಾರೆ. ಅವರು "ಫೇಲಾದ್ರು" ಅಂತ ಯಾವ ಪಟ್ಟಿಯಲ್ಲೂ ಬರಲ್ಲ, ಸುಮ್ಮನೆ ಕಾಣೆಯಾಗ್ತಾರೆ.

ನಿಮ್ಮ ಕೈಲಿ ಆಗೋದು

ಸರ್ಕಾರದ ಕಡೆಯ ತಡ ನಮ್ಮ ಕೈಲಿಲ್ಲ. ನಮ್ಮ ಕಡೆಯ ತಡ ತಪ್ಪಿಸಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಅರ್ಜಿ ಹಾಕೋಕೆ ಮೊದಲೇ ಬ್ಯಾಂಕಲ್ಲಿ ಕೇಳಿ. ಎರಡು ಮೂರು ಖಾತೆ ಇದ್ರೆ ಯಾವುದಕ್ಕೆ ಜೋಡಣೆ ಆಗಿದೆಯೋ ಅದಕ್ಕೇ ದುಡ್ಡು ಹೋಗೋದು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿದೆಯಾ ನೋಡಿ, ಅವಧಿ ಮುಗಿದಿದ್ರೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಆಧಾರ್, ಅಂಕಪಟ್ಟಿ, ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ತರ ಇರಲಿ. ಹಾಸ್ಟೆಲ್ ಅರ್ಜಿ ಬೇರೆ, ಸ್ಕಾಲರ್‌ಶಿಪ್ ಅರ್ಜಿ ಬೇರೆ, ಎರಡಕ್ಕೂ ಕೊನೇ ದಿನ ಬೇರೆ ಬೇರೆ ಇರುತ್ತೆ. ಮೊತ್ತ, ಆದಾಯದ ಮಿತಿ ವರ್ಷಕ್ಕೆ ವರ್ಷ ಬದಲಾಗಬಹುದು, ಹಾಗಾಗಿ ಸೀನಿಯರ್ ಹೇಳಿದ್ದನ್ನ ನಂಬಿ ಕೂರಬೇಡಿ, ಆ ವರ್ಷದ ಸುತ್ತೋಲೆ ನೋಡಿ.

ಇನ್ನೊಂದು ಮಾತು. ಅರ್ಜಿ ಹಾಕೋಕೆ ನಾಚಿಕೆ ಪಡೋರು ಇದ್ದಾರೆ. "ಫ್ರೀ ದುಡ್ಡು" ಅಂತ ಕ್ಲಾಸಲ್ಲಿ ಯಾರೋ ಆಡಿದ ಮಾತು ಮನಸ್ಸಿಗೆ ಹತ್ತಿರುತ್ತೆ. ಅಂಥವರಿಗೆ ಹೇಳಿ: ವಿಶ್ವೇಶ್ವರಯ್ಯನವರು ಪುಣೆಗೆ ಹೋಗಿದ್ದು ಸರ್ಕಾರದ ದುಡ್ಡಲ್ಲಿ. ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋಗಿದ್ದು ಸಂಸ್ಥಾನದ ದುಡ್ಡಲ್ಲಿ. ಆ ದುಡ್ಡು ಯಾರದ್ದು? ಗದ್ದೆಯ ಕಂದಾಯ, ಗಂಧದ ಮರ, ಸಂತೆಯ ತೆರಿಗೆ. ಹೊನ್ನಾಳಿಯ ರೈತನೂ ಅದರಲ್ಲಿ ಪಾಲು ಹಾಕಿದ್ದ. ಅವನ ಮೊಮ್ಮಗಳ ಮಗಳು ಇವತ್ತು ಅರ್ಜಿ ಹಾಕಿದ್ರೆ ಅದು ಭಿಕ್ಷೆ ಆಗಲ್ಲ, ಬರಬೇಕಾದ ಬಾಕಿ.

ನಿಮ್ಮ ಮನೆಯಲ್ಲಿ, ಊರಲ್ಲಿ ವಾರಾನ್ನ ಉಂಡು ಓದಿದವರು, ಮಠದ ಹಾಸ್ಟೆಲಲ್ಲಿ ಇದ್ದು ಓದಿದ ಹಿರಿಯರು ಇದ್ರೆ ಒಂದು ಸಲ ಕೂತು ಕೇಳಿ, ಅವರು ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಈ ಇತಿಹಾಸದ ಎಷ್ಟೋ ಭಾಗ ಇನ್ನೂ ಯಾವ ಪುಸ್ತಕಕ್ಕೂ ಹತ್ತಿಲ್ಲ. ಈ ಸಂಚಿಕೆಯನ್ನ ಈ ವರ್ಷ ಪಿಯುಸಿ ಮುಗಿಸಿರೋ ಒಬ್ಬರಿಗಾದ್ರೂ ಕಳಿಸಿ, ಜೊತೆಗೆ ಕೇಳಿ: "ಅರ್ಜಿ ಹಾಕಿದ್ಯಾ?"